ಊರಿನ ಸರ್ವರ್: ಅದರ ಆರೈಕೆ ಮತ್ತು ನವೀಕರಣ

ವಾಚನಾಲಯ, ಸಹಕಾರ ಸಂಘ, ನಾಟಕದ ಬಳಗ ಇವೆಲ್ಲ ಮಲೆನಾಡಿನ ಊರುಗಳಲ್ಲಿ ಜನರ ಕೂಡುಬಾಳಿನಿಂದ ಹುಟ್ಟಿಕೊಂಡ ಸಂಸ್ಥೆಗಳು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಸ್ಥಾಪಿತವಾದ ನೀನಾಸಂ ಇದಕ್ಕೊಂದು ಪ್ರಸಿದ್ಧ ನಿದರ್ಶನ. ಇಂತಹ ಸಂಸ್ಥೆಗಳಿಗೆ ಒಂದು ಕೊಠಡಿ, ಒಂದು ಬೀರು, ಒಂದು ನಡವಳಿ ಪುಸ್ತಕ ಬೇಕಾಗುತ್ತವೆ. ಅವುಗಳನ್ನು ಗುಡಿಸಿ, ಸಾರಿಸಿ, ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಿ ಕಾಪಾಡುವ ಕೆಲಸವನ್ನು ಯಾರಾದರೊಬ್ಬರು ಮಾಡುತ್ತಲೇ ಇರುತ್ತಾರೆ. ಈ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಅದು ನಿಂತಾಗ ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ಅಂತರಜಾಲದಲ್ಲಿ ನೆಲೆಗೊಂಡ ಕೂಟಗಳಿಗೂ ಈ ಮಾತು ಸಲ್ಲುತ್ತದೆ. ಕನ್ನಡದಲ್ಲಿ ಇಂತಹ ಕೂಟಗಳು ಹೊಸವಲ್ಲ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗರು ದ್ರುಪಲ್ ಎಂಬ ಮುಕ್ತ ತಂತ್ರಾಂಶವನ್ನು ಬಳಸಿ ‘ಸಂಪದ’ವನ್ನು ಕಟ್ಟಿದರು. ಮೊದಲನೆಯದರ ಯಂತ್ರಗಳನ್ನು ನೋಡಿಕೊಳ್ಳಲು ವಿಕಿಮೀಡಿಯ ಪ್ರತಿಷ್ಠಾನದ ದೊಡ್ಡ ಸಿಬ್ಬಂದಿಯೇ ಇದೆ. ಸಣ್ಣ ಕೂಟಗಳಿಗಾದರೋ ಅಂತಹ ಅನುಕೂಲವಿಲ್ಲ. ತಮ್ಮ ಯಂತ್ರವನ್ನು ತಾವೇ ಕಾಯಬೇಕು. ಅದನ್ನು ಕಾಯುವುದು ಹೇಗೆಂಬುದೇ ಈ ಲೇಖನದ ವಿಷಯ.

ಸರ್ವರ್ ಎಂದರೇನು?

ಸರ್ವರ್ ಎಂಬುದು ಯಾವ ವಿಚಿತ್ರ ಯಂತ್ರವೂ ಅಲ್ಲ. ಕೇಳಿದವರಿಗೆ ಕೇಳಿದುದನ್ನು ಒದಗಿಸುವುದಕ್ಕಾಗಿ ಹಗಲಿರುಳು ಎಚ್ಚರವಾಗಿರುವ ಗಣಕವೇ ಸರ್ವರ್. ಕೆಲವು ನೂರು ಮಂದಿಯ ಕೂಟಕ್ಕೆ ಮನೆಯಲ್ಲಿರುವ ಹಳೆಯ ಗಣಕವೂ ಸಾಕು. ಅಂಗೈಯಗಲದ ಒಂದೇ ಹಲಗೆಯ ಗಣಕವೂ ಸಾಕಾದೀತು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ತಾಲ್ಲೂಕನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕುತ್ತದೆ. ಈ ಹೊಳೆಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಸಾಗರ ಹೊಸನಗರಗಳ ಅನೇಕ ಊರುಗಳು ಮುಳುಗಿದುವು. ಆ ಊರುಗಳನ್ನು ಕಂಡ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿ, ಬರೆದು, ಚಿತ್ರಗಳೊಡನೆ ಕೂಡಿಸಿಡಬೇಕೆಂದು ಮೂರು ತಾಲ್ಲೂಕುಗಳ ಕೆಲವು ತರುಣರು ಒಂದು ಕೂಟವನ್ನು ಮಾಡಿಕೊಂಡು, ಸಾಗರದಲ್ಲಿ ಒಂದು ಸಣ್ಣ ಸರ್ವರನ್ನು ಇಟ್ಟರೆಂದು ಭಾವಿಸೋಣ. ಅಣೆಕಟ್ಟು ಕಟ್ಟಿದ ವರ್ಷ ಹತ್ತು ವಯಸ್ಸಿನವರಾಗಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಅವರು ಇಂದು ಹೇಳಿದುದು ಅಳಿದುಹೋದರೆ ನಾಳೆ ಮತ್ತೆ ಕೇಳುವೆವೆಂಬ ಭರವಸೆಯಿಲ್ಲ. ಆದುದರಿಂದ ಈ ಸರ್ವರಿನಲ್ಲಿ ಬೆಲೆಬಾಳುವುದು ಯಂತ್ರವಲ್ಲ, ಅದರೊಳಗಿನ ಮಾತು. ಮುಂದೆ ಹೇಳುವ ನಿಯಮಗಳೆಲ್ಲವೂ ಈ ಒಂದು ತತ್ತ್ವದಿಂದ ಹೊರಡುತ್ತವೆ.

ಯಂತ್ರದ ಆರೈಕೆ

ಮಲೆನಾಡಿನಲ್ಲಿ ಗಣಕಕ್ಕೆ ಮೂರು ಶತ್ರುಗಳು: ಸಿಡಿಲು, ತೇವ ಮತ್ತು ವಿದ್ಯುತ್ತಿನ ನಿಲುಗಡೆ.

ಮಾರ್ಚಿಯಿಂದ ಮೇ ತಿಂಗಳವರೆಗೆ ಬೀಳುವ ಗುಡುಗುಮಳೆಯಲ್ಲಿ ಸಿಡಿಲು ತಂತಿಯ ಸಮೀಪದಲ್ಲಿ ಎರಗಿದರೂ ಸಾಕು, ಕ್ಷಣಮಾತ್ರದ ಅತಿವೋಲ್ಟೇಜು ತಂತಿಯಲ್ಲಿ ಹರಿದು ಯಂತ್ರವನ್ನು ಸುಡಬಲ್ಲುದು. ಅಂತರಜಾಲವನ್ನು ತರುವ ಬೆಳಕಿನೆಳೆ ಗಾಜಿನದಾದುದರಿಂದ ಆ ಎಳೆಯ ಮೂಲಕ ಈ ಆಘಾತ ಬರುವುದಿಲ್ಲ. ಆದರೆ ಎಳೆಯ ತುದಿಯಲ್ಲಿರುವ ಪೆಟ್ಟಿಗೆಗೆ ವಿದ್ಯುತ್ತು ತಾಮ್ರದ ತಂತಿಯಿಂದಲೇ ಬರುತ್ತದೆ. ಆ ಪೆಟ್ಟಿಗೆಯಿಂದ ಸರ್ವರಿಗೆ ಬರುವ ತಂತಿಯೂ ತಾಮ್ರದ್ದೇ. ಆದುದರಿಂದ ಸರಿಯಾದ ಭೂಸಂಪರ್ಕ ಮತ್ತು ಅತಿವೋಲ್ಟೇಜು ತಡೆಯುವ ಸಾಧನ ಇವೆರಡೂ ಅವಶ್ಯ. ಭೂಸಂಪರ್ಕವಿಲ್ಲದೆ ಇಂತಹ ಸಾಧನವೊಂದನ್ನೇ ನಂಬುವುದು ಚರಂಡಿ ಕಡಿಯದೆ ಮಾಡಿಗೆ ದೋಣಿ ಕಟ್ಟಿದಂತೆ.

ಆಷಾಢಶ್ರಾವಣಗಳ ತೇವದಿಂದ ಲೋಹದ ಕೂಡುಗಳಲ್ಲಿ ಕಿಲುಬು ಹಿಡಿಯುತ್ತದೆ. ಸದಾ ನಡೆಯುತ್ತಿರುವ ಗಣಕವು ತನ್ನ ಬಿಸಿಯಿಂದಲೇ ಒಣಗಿರುತ್ತದೆ. ವಾರಗಟ್ಟಲೆ ಆರಿಸಿಟ್ಟುದಕ್ಕೆ ಅಪಾಯ ಹೆಚ್ಚು. ಯಂತ್ರವನ್ನು ಗೋಡೆಗೆ ತಾಗಿಸದೆ, ನೆಲದಿಂದ ಮೇಲೆ, ಗಾಳಿಯಾಡುವಂತೆ ಇಡಬೇಕು. ಇರುವೆ ಹಲ್ಲಿಗಳು ಒಳಸೇರದಂತೆ ರಂಧ್ರಗಳಿಗೆ ಸಣ್ಣ ಜಾಲರಿಯನ್ನು ಹಾಕಿ, ತಿಂಗಳಿಗೊಮ್ಮೆ ಜಾಲರಿಯ ಧೂಳನ್ನು ತೆಗೆಯಬೇಕು.

ಇನ್ನು ವಿದ್ಯುತ್ತು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಎಷ್ಟು ಹೊತ್ತು ಯಂತ್ರ ನಡೆದೀತು? ಮನೆಗಳಲ್ಲಿ ಇನ್ವರ್ಟರಿಗೆ ಬಳಸುವ 12 ವೋಲ್ಟು, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 12 × 150 = 1,800 ವಾಟ್-ಗಂಟೆಯಷ್ಟು ಶಕ್ತಿಯಿರುತ್ತದೆ. ಬ್ಯಾಟರಿ ಬಾಳಬೇಕಾದರೆ ಅರ್ಧವನ್ನು ಮಾತ್ರ ಬಳಸುವುದು ಲೇಸು, ಆಗ 900. ಪರಿವರ್ತನೆಯ ನಷ್ಟವನ್ನು ಕಳೆದರೆ ಸುಮಾರು 750. ಸರ್ವರಿಗೆ 20 ವಾಟು, ಅಂತರಜಾಲದ ಪೆಟ್ಟಿಗೆಗಳಿಗೆ 15 ವಾಟು, ಒಟ್ಟು 35 ವಾಟು ಬೇಕೆನ್ನೋಣ. 750ನ್ನು 35ರಿಂದ ಭಾಗಿಸಿದರೆ 21 ಗಂಟೆಗಳಿಗೆ ಸ್ವಲ್ಪ ಹೆಚ್ಚಾಗುತ್ತದೆ. ಹಳೆಯ ಬ್ಯಾಟರಿಯಲ್ಲಿ ಇದರ ಅರ್ಧವೂ ಸಿಗದಿರಬಹುದು. ಶಕ್ತಿ ಮುಗಿಯುವ ಮೊದಲೇ ಯಂತ್ರವು ತಾನಾಗಿ ಕ್ರಮವಾಗಿ ಆರುವಂತೆ ಏರ್ಪಡಿಸುವುದು ಒಳ್ಳೆಯದು. ಬರೆಯುತ್ತಿರುವಾಗಲೇ ಥಟ್ಟನೆ ಆರಿದ ಗಣಕದಲ್ಲಿ ಅರ್ಧ ಬರೆದ ದಾಖಲೆ ಕೆಡಬಹುದು.

ನವೀಕರಣವೇಕೆ?

ಯಂತ್ರ ಗಟ್ಟಿಯಾಗಿದ್ದರೂ ಅದರೊಳಗಿನ ತಂತ್ರಾಂಶ ಹಳತಾಗುತ್ತದೆ. ಇದು ಹೊಸಬರಿಗೆ ವಿಚಿತ್ರವಾಗಿ ತೋರಬಹುದು. ತಂತ್ರಾಂಶಕ್ಕೆ ತುಕ್ಕು ಹಿಡಿಯುವುದಿಲ್ಲ. ನಿನ್ನೆ ಇದ್ದ ಅಕ್ಷರವೇ ಇಂದೂ ಇದೆ. ಹಾಗಿದ್ದರೆ ಅದು ಹಳತಾಗುವುದು ಹೇಗೆ? ಅದು ಬದಲಾಗದಿದ್ದರೂ ಸುತ್ತಲಿನ ಜಗತ್ತು ಬದಲಾಗುತ್ತದೆ. ಅದರಲ್ಲಿ ಮೊದಲಿನಿಂದಲೇ ಅಡಗಿದ್ದ ಬಿರುಕನ್ನು ಯಾರೋ ಒಬ್ಬರು ಕಂಡುಹಿಡಿಯುತ್ತಾರೆ. ಕಂಡ ದಿನದಿಂದ ಅದು ಕಳ್ಳದಾರಿಯಾಗುತ್ತದೆ.

2014ರ ಏಪ್ರಿಲ್ 7ರಂದು ಪ್ರಕಟವಾದ ‘ಹಾರ್ಟ್‌ಬ್ಲೀಡ್’ ಎಂಬ ದೋಷವು ಇದಕ್ಕೆ ಒಳ್ಳೆಯ ಉದಾಹರಣೆ. ಅಂತರಜಾಲದ ಮಾತುಕತೆಯನ್ನು ಗೂಢಲಿಪಿಗೆ ತಿರುಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಅದು ಎರಡು ವರ್ಷಗಳಿಂದ ಅಡಗಿತ್ತು. ಒಂದು ಸಣ್ಣ ಪ್ರಶ್ನೆಯನ್ನು ಕಳುಹಿಸಿ, ಅದರ ಉದ್ದವನ್ನು ಸುಳ್ಳಾಗಿ ಹೆಚ್ಚು ಹೇಳಿದರೆ, ಸರ್ವರು ತನ್ನ ಸ್ಮೃತಿಯಿಂದ 64 ಕಿಲೋಬೈಟಿನವರೆಗೆ ಸಿಕ್ಕಿದುದನ್ನೆಲ್ಲ ಉತ್ತರವಾಗಿ ಒಪ್ಪಿಸಿಬಿಡುತ್ತಿತ್ತು. ಅದರಲ್ಲಿ ಇತರರ ಗುಪ್ತಪದಗಳೂ ಇರಬಹುದಾಗಿತ್ತು. ದೋಷ ಪ್ರಕಟವಾದ ದಿನವೇ ತಿದ್ದಿದ ಆವೃತ್ತಿಯೂ ಬಂದಿತು. ಮುಂದೆ ಅಪಾಯಕ್ಕೆ ಗುರಿಯಾಗಿ ಉಳಿದವರು ಅದನ್ನು ಹಾಕಿಕೊಳ್ಳದವರೇ. 2017ರ ಮೇ 12ರಂದು ಜಗತ್ತನ್ನೇ ಕಂಗೆಡಿಸಿದ ‘ವಾನಾಕ್ರೈ’ಯ ಕಥೆಯೂ ಇಂತಹದೇ. ಮೈಕ್ರೋಸಾಫ್ಟ್ ಸಂಸ್ಥೆಯು ಆ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮಾರ್ಚಿ 14ರಂದೇ ಹೊರಡಿಸಿತ್ತು. ಮದ್ದು ಸಿದ್ಧವಾಗಿ ಎರಡು ತಿಂಗಳಾಗಿದ್ದರೂ ಅದನ್ನು ತೆಗೆದುಕೊಳ್ಳದವರನ್ನು ರೋಗ ಹಿಡಿಯಿತು.

ಅಡಕೆ ತೋಟವುಳ್ಳವರಿಗೆ ಈ ನೀತಿ ಹೊಸದಲ್ಲ. ಕೊಳೆರೋಗವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದ ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು ಬೋರ್ಡೋ ದ್ರಾವಣವನ್ನು ರೂಢಿಗೆ ತರಲು ಶ್ರಮಿಸಿದರು. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಈ ಔಷಧವನ್ನು ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ ಹೊಡೆಯಬೇಕು. ಕಾಯಿ ಉದುರಲು ಆರಂಭವಾದ ಮೇಲೆ ಹೊಡೆದರೆ ಉದುರಿದುದು ಮರಳುವುದಿಲ್ಲ. ಒಮ್ಮೆ ಹೊಡೆದರೂ ಸಾಲದು. ಮಳೆ ತೊಳೆಯುವುದರಿಂದ ಸುಮಾರು 40-45 ದಿನಗಳಿಗೆ ಮತ್ತೆ ಹೊಡೆಯಬೇಕು. ನವೀಕರಣವೂ ಹೀಗೆಯೇ: ಮುಂಚಿತವಾಗಿ ಮಾಡತಕ್ಕದ್ದು, ಮತ್ತು ಮರಳಿ ಮರಳಿ ಮಾಡತಕ್ಕದ್ದು.

ಮೂರು ಪದರಗಳು

ಸರ್ವರಿನಲ್ಲಿ ನವೀಕರಿಸಬೇಕಾದ ಪದರಗಳು ಮೂರು. ತಳದಲ್ಲಿ ಕಾರ್ಯಾಚರಣ ವ್ಯವಸ್ಥೆ. ಸಣ್ಣ ಸರ್ವರುಗಳಲ್ಲಿ ಸಾಮಾನ್ಯವಾಗಿ ಡೆಬಿಯನ್ ಇಲ್ಲವೆ ಉಬುಂಟು ಎಂಬ ಲಿನಕ್ಸ್ ಬಗೆಗಳು. ಅದರ ಮೇಲೆ ದತ್ತಸಂಚಯ, ಎಂದರೆ ಬರಹಗಳನ್ನೂ ಸದಸ್ಯರ ವಿವರಗಳನ್ನೂ ಕೋಷ್ಟಕಗಳಲ್ಲಿ ಜೋಡಿಸಿಡುವ ಉಗ್ರಾಣ; ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಮೊದಲಾದುವು ಈ ಜಾತಿಯವು. ಎಲ್ಲಕ್ಕೂ ಮೇಲೆ, ಸದಸ್ಯರ ಕಣ್ಣಿಗೆ ಬೀಳುವ ಬಳಕೆಯ ತಂತ್ರಾಂಶ.

ಆವೃತ್ತಿಗಳಿಗೆ ಕೊಡುವ ಅಂಕೆಗಳನ್ನು ಓದಲು ಕಲಿಯಬೇಕು. ‘4.2.1’ ಎಂಬಂತಹ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಕಡೆಯ ಅಂಕೆ ಬದಲಾದರೆ ತಪ್ಪುಗಳ ತಿದ್ದುಪಡಿ. ನಡುವಣದು ಬದಲಾದರೆ ಹೊಸ ಸೌಕರ್ಯ. ಮೊದಲನೆಯದು ಬದಲಾದರೆ ಹಳೆಯದಕ್ಕೆ ಹೊಂದದ ದೊಡ್ಡ ಮಾರ್ಪಾಟು. ಮೊದಲ ಬಗೆಯದನ್ನು ತಡಮಾಡದೆ ಹಾಕಿಕೊಳ್ಳಬೇಕು. ಕಾರ್ಯಾಚರಣ ವ್ಯವಸ್ಥೆಯ ಭದ್ರತಾ ತಿದ್ದುಪಡಿಗಳನ್ನು ಯಂತ್ರವೇ ತಾನಾಗಿ ಹಾಕಿಕೊಳ್ಳುವ ಏರ್ಪಾಟು ಡೆಬಿಯನ್ ಉಬುಂಟುಗಳಲ್ಲಿದೆ. ಕಡೆಯ ಬಗೆಯದಕ್ಕೆ ಮಾತ್ರ ಸಿದ್ಧತೆ ಬೇಕು. ಹಾಗೆಂದು ಅದನ್ನು ವರ್ಷಾನುಗಟ್ಟಲೆ ಮುಂದೂಡಲೂ ಆಗದು. ಪ್ರತಿ ಆವೃತ್ತಿಗೂ ಆಯುಸ್ಸಿನ ಮಿತಿಯುಂಟು: ಪೋಸ್ಟ್‌ಗ್ರೆಸ್ ದತ್ತಸಂಚಯದ ಪ್ರತಿಯೊಂದು ದೊಡ್ಡ ಆವೃತ್ತಿಗೂ ಐದು ವರ್ಷಗಳವರೆಗೆ ತಿದ್ದುಪಡಿಗಳು ದೊರೆಯುತ್ತವೆ, ಆಮೇಲೆ ದೊರೆಯುವುದಿಲ್ಲ. ಬಳಕೆಯ ತಂತ್ರಾಂಶಗಳಲ್ಲಿ ಅನೇಕವನ್ನು ಒಂದೊಂದೇ ಮೆಟ್ಟಿಲಾಗಿ ಏರಿಸಬೇಕು. ಐದು ಮೆಟ್ಟಿಲುಗಳನ್ನು ಒಮ್ಮೆಗೇ ಹಾರಲೆತ್ತಿಸಿದವರು ಬೀಳುವುದೇ ಹೆಚ್ಚು.

ನಕಲು ಪ್ರತಿ

ಸಾಗರಕ್ಕೆ ಸಮೀಪದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಹಸ್ತಪ್ರತಿಗಳನ್ನು ನೋಡಬಹುದು. ತಾಳೆಗರಿ ಚಿರಾಯುವೇನೂ ಅಲ್ಲ; ಹುಳು ತಿನ್ನುತ್ತದೆ, ತೇವಕ್ಕೆ ಕೊಳೆಯುತ್ತದೆ. ನಮ್ಮ ಹಳೆಯ ಕಾವ್ಯಗಳು ನಮಗೆ ದೊರೆತುದು, ಲಿಪಿಕಾರರು ಹಳೆಯ ಓಲೆ ಜೀರ್ಣವಾಗುವ ಮೊದಲೇ ಹೊಸ ಓಲೆಗೆ ಪ್ರತಿ ಮಾಡುತ್ತ ಬಂದುದರಿಂದ. ಪ್ರತಿಗಳು ಬೇರೆ ಬೇರೆ ಊರುಗಳ ಮಠಮನೆಗಳಲ್ಲಿ ಇದ್ದುದರಿಂದ ಒಂದೆಡೆಯ ಬೆಂಕಿಯಲ್ಲಿ ಎಲ್ಲವೂ ನಾಶವಾಗಲಿಲ್ಲ.

ಇಂದು ಬ್ಯಾಕಪ್ ಎಂದು ಕರೆಯುವುದು ಇದನ್ನೇ. ಅದರ ಸೂತ್ರ ‘ಮೂರು, ಎರಡು, ಒಂದು’: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳ ಮೇಲೆ, ಕಡೆಯ ಪಕ್ಷ ಒಂದು ಬೇರೊಂದು ಸ್ಥಳದಲ್ಲಿ. ನಮ್ಮ ಉದಾಹರಣೆಯ ಕೂಟಕ್ಕೆ ಇದು ಸುಲಭ. ಮೂಲಪ್ರತಿ ಸಾಗರದ ಸರ್ವರಿನಲ್ಲಿರಲಿ. ಪ್ರತಿರಾತ್ರಿ ತೀರ್ಥಹಳ್ಳಿಯ ಒಂದು ಗಣಕಕ್ಕೆ ನಕಲು ಹೋಗಲಿ. ತಿಂಗಳಿಗೊಮ್ಮೆ ಹೊಸನಗರದಲ್ಲಿರುವ ಒಂದು ಡಿಸ್ಕಿಗೆ ಪ್ರತಿ ಮಾಡಿ, ಆಮೇಲೆ ಅದನ್ನು ತಂತಿಯಿಂದ ಬಿಡಿಸಿ ಬೀರುವಿನಲ್ಲಿಡಲಿ. ತಂತಿಗೆ ತಗಲದ ಪ್ರತಿಯನ್ನು ಸಿಡಿಲೂ ಮುಟ್ಟದು, ಕಳ್ಳನೂ ಮುಟ್ಟನು. ಪ್ರತಿಗೆ ಸ್ಥಳವೆಷ್ಟು ಬೇಕು? ಸೆಕೆಂಡಿಗೆ 64,000 ಬಿಟ್ಟುಗಳಂತೆ ಮುದ್ರಿಸಿದ ಒಂದು ಗಂಟೆಯ ಮಾತು 28.8 ಮೆಗಾಬೈಟು. 300 ಗಂಟೆಗಳ ಸಂಗ್ರಹವೂ 9 ಗಿಗಾಬೈಟಿನೊಳಗೆ ಮುಗಿಯುತ್ತದೆ. ಬೆರಳುದ್ದದ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಆದುದರಿಂದ ಸ್ಥಳವಿಲ್ಲವೆಂಬ ನೆವ ಸಲ್ಲದು.

ಬೇರೆ ಸ್ಥಳವೆಂಬ ನಿಯಮವನ್ನು ದೊಡ್ಡವರೂ ಮರೆತುದುಂಟು. 2021ರ ಮಾರ್ಚಿ 10ರಂದು ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಒಂದು ದತ್ತಕೇಂದ್ರ ಬೆಂಕಿಗೆ ಪೂರ್ಣವಾಗಿ ಆಹುತಿಯಾಯಿತು. ಮೂಲವನ್ನೂ ನಕಲನ್ನೂ ಅದೇ ಆವರಣದಲ್ಲಿಟ್ಟಿದ್ದ ಕೆಲವು ಗ್ರಾಹಕರು ಎರಡನ್ನೂ ಕಳೆದುಕೊಂಡರು.

ನಕಲು ಇದೆಯೆಂದು ನಂಬಿದರೂ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ತಂತ್ರಜ್ಞರೊಬ್ಬರು ಎರಡು ಸರ್ವರುಗಳಲ್ಲಿ ಯಾವುದೆಂಬುದನ್ನು ತಪ್ಪಾಗಿ ತಿಳಿದು ಮುಖ್ಯ ದತ್ತಸಂಚಯವನ್ನೇ ಅಳಿಸಿದರು. ನಿತ್ಯದ ನಕಲನ್ನು ಹುಡುಕಿದಾಗ ಅದು ಬರಿದಾಗಿತ್ತು. ಕಾರಣವೇನು? ದತ್ತಸಂಚಯವನ್ನು 9.6ನೆಯ ಆವೃತ್ತಿಗೆ ಏರಿಸಲಾಗಿತ್ತು; ನಕಲು ತೆಗೆಯುವ ಸಾಧನ ಮಾತ್ರ 9.2ನೆಯದೇ ಬಳಕೆಯಾಗುತ್ತಿತ್ತು. ಅದು ಪ್ರತಿದಿನವೂ ವಿಫಲವಾಗುತ್ತಿದ್ದರೂ, ಆ ಸುದ್ದಿಯನ್ನು ತಿಳಿಸುವ ಅಂಚೆ ಯಾರಿಗೂ ತಲಪುತ್ತಿರಲಿಲ್ಲ. ಆರು ಗಂಟೆಗಳ ಹಿಂದೆ ಆಕಸ್ಮಿಕವಾಗಿ ತೆಗೆದಿಟ್ಟಿದ್ದ ಒಂದು ಪ್ರತಿಯಿಂದ ಸಂಸ್ಥೆ ಚೇತರಿಸಿಕೊಂಡಿತು. ಆ ಆರು ಗಂಟೆಗಳ ದತ್ತ ಹೋಯಿತು. ಇದರಿಂದ ಹೊರಡುವ ನಿಯಮ ಇಷ್ಟೇ: ಮರಳಿ ಸ್ಥಾಪಿಸಿ ನೋಡದ ನಕಲನ್ನು ನಕಲೆಂದು ಎಣಿಸಬಾರದು. ಮೂರು ತಿಂಗಳಿಗೊಮ್ಮೆಯಾದರೂ ನಕಲನ್ನು ಬೇರೊಂದು ಗಣಕದಲ್ಲಿ ಬಿಡಿಸಿ, ಹತ್ತು ಬರಹಗಳನ್ನು ಓದಿ, ಎರಡು ಧ್ವನಿಮುದ್ರಿಕೆಗಳನ್ನು ಕೇಳಿ ನೋಡಬೇಕು.

ನವೀಕರಣದ ಕ್ರಮ

ದೊಡ್ಡ ನವೀಕರಣವನ್ನು ಈ ಕ್ರಮದಲ್ಲಿ ನಡೆಸುವುದು ಕ್ಷೇಮ.

ಮೊದಲನೆಯದಾಗಿ, ಹೊಸ ಆವೃತ್ತಿಯೊಡನೆ ಬರುವ ಸೂಚನಾಪತ್ರವನ್ನು ಆದ್ಯಂತವಾಗಿ ಓದಬೇಕು. ಎರಡನೆಯದಾಗಿ, ಆ ದಿನದ ಹೊಸ ನಕಲನ್ನು ತೆಗೆಯಬೇಕು. ಮೂರನೆಯದಾಗಿ, ಆ ನಕಲನ್ನು ಇನ್ನೊಂದು ಗಣಕದಲ್ಲಿ ಸ್ಥಾಪಿಸಿ, ನವೀಕರಣವನ್ನು ಮೊದಲು ಅಲ್ಲಿ ನಡೆಸಿ ನೋಡಬೇಕು; ಇದು ರಂಗದ ಮೇಲೆ ಬರುವ ಮುನ್ನ ನಡೆಸುವ ತಾಲೀಮು. ಹೀಗೆ ಮಾಡಿದರೆ ನಕಲಿನ ಪರೀಕ್ಷೆಯೂ ಆದಂತಾಯಿತು. ನಾಲ್ಕನೆಯದಾಗಿ, ಯಾವ ದಿನ ಎಷ್ಟು ಹೊತ್ತು ಸೇವೆ ನಿಲ್ಲುವುದೆಂದು ಸದಸ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಐದನೆಯದಾಗಿ, ಒಂದು ದಿನ ಒಂದೇ ಪದರವನ್ನು ಬದಲಿಸಬೇಕು. ಮೂರನ್ನೂ ಒಮ್ಮೆಗೇ ಬದಲಿಸಿದರೆ ಕೆಟ್ಟುದು ಯಾವುದರಿಂದ ಎಂದು ತಿಳಿಯುವುದೇ ಕಷ್ಟ. ಕಡೆಯದಾಗಿ, ಮಾಡಿದುದನ್ನೆಲ್ಲ ದಿನಾಂಕದೊಡನೆ ದಿನಚರಿಯಲ್ಲಿ ಬರೆಯಬೇಕು.

ನಕಲಿನ ಮೇಲೆ ಇಷ್ಟು ಒತ್ತು ಏಕೆಂದರೆ, ದೊಡ್ಡ ನವೀಕರಣ ಅನೇಕ ವೇಳೆ ಒಮ್ಮುಖದ ದಾರಿ. ಹೊಸ ತಂತ್ರಾಂಶವು ದತ್ತಸಂಚಯದ ಕೋಷ್ಟಕಗಳನ್ನು ತನಗೆ ಬೇಕಾದಂತೆ ಮಾರ್ಪಡಿಸುತ್ತದೆ. ಆಮೇಲೆ ಹಳೆಯ ತಂತ್ರಾಂಶವನ್ನು ಮತ್ತೆ ತಂದು ಕೂರಿಸಿದರೂ ಅದಕ್ಕೆ ಹೊಸ ಕೋಷ್ಟಕಗಳು ಅರ್ಥವಾಗುವುದಿಲ್ಲ. ಹಿಂದಿರುಗಲು ಇರುವ ದಾರಿ ನಕಲೊಂದೇ.

ಕನ್ನಡ ಅಕ್ಷರಗಳ ವಿಶೇಷ ಎಚ್ಚರ

ಇಂಗ್ಲಿಷ್ ಬರಹಗಳಿಗೆ ಅಷ್ಟಾಗಿ ಇಲ್ಲದ ಒಂದು ಅಪಾಯ ನಮಗುಂಟು. ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುತ್ತದೆ. ಯೂನಿಕೋಡ್ ಎಂಬ ಸರ್ವಸಮ್ಮತ ಪಟ್ಟಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿದೆ. ಆ ಪಟ್ಟಿಯ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೇಕು. ‘ಅ’ ಎಂಬುದು 224, 178, 133 ಎಂಬ ಮೂರು ಬೈಟುಗಳು. ‘ಸಾಗರ’ ಎಂಬ ಪದದಲ್ಲಿ ಸ, ದೀರ್ಘದ ಚಿಹ್ನೆ, ಗ, ರ ಎಂದು ನಾಲ್ಕು ಚಿಹ್ನೆಗಳು; ಆದುದರಿಂದ 12 ಬೈಟುಗಳು. ಇವನ್ನು ‘ಲ್ಯಾಟಿನ್-1’ ಎಂಬ ಹಳೆಯ ಐರೋಪ್ಯ ಪದ್ಧತಿಯಂತೆ ಓದಿದರೆ ಒಂದೊಂದು ಬೈಟೂ ಒಂದೊಂದು ಅಕ್ಷರವೆನಿಸಿ, ‘ಸಾಗರ’ವು ಅರ್ಥವಿಲ್ಲದ ಹನ್ನೆರಡು ಚಿಹ್ನೆಗಳ ಸಾಲಾಗುತ್ತದೆ.

ಮೈಎಸ್‌ಕ್ಯೂಎಲ್ ದತ್ತಸಂಚಯವು 2018ರಲ್ಲಿ ಬಂದ 8.0 ಆವೃತ್ತಿಯವರೆಗೆ, ಬೇರೆ ಹೇಳದಿದ್ದರೆ, ಲ್ಯಾಟಿನ್-1 ಪದ್ಧತಿಯನ್ನೇ ಹಿಡಿಯುತ್ತಿತ್ತು. ಹಳೆಯ ಎಷ್ಟೋ ಸಂಗ್ರಹಗಳಲ್ಲಿ ಕನ್ನಡವು ಲ್ಯಾಟಿನ್ ಎಂಬ ತಪ್ಪು ಹೆಸರಿನ ಕೋಷ್ಟಕದಲ್ಲಿ ಕುಳಿತಿರುತ್ತದೆ. ಬರೆಯುವಾಗ ತಪ್ಪು ಹೆಸರು, ಓದುವಾಗಲೂ ಅದೇ ತಪ್ಪು ಹೆಸರು. ಎರಡು ತಪ್ಪುಗಳೂ ಒಂದನ್ನೊಂದು ರದ್ದುಗೊಳಿಸುವುದರಿಂದ ತೆರೆಯ ಮೇಲೆ ಕನ್ನಡ ಸರಿಯಾಗಿಯೇ ಕಾಣುತ್ತದೆ. ನವೀಕರಣದ ದಿನ ಹೊಸ ವ್ಯವಸ್ಥೆಯು ಒಂದು ಕಡೆಯ ಹೆಸರನ್ನು ಮಾತ್ರ ಸರಿಪಡಿಸುತ್ತದೆ. ಆಗ ವರ್ಷಗಳಿಂದ ಮರೆಯಾಗಿದ್ದ ತಪ್ಪು ಒಮ್ಮೆಲೆ ಹೊರಬಿದ್ದು ಎಲ್ಲ ಬರಹವೂ ಕಲಸುಮೇಲೋಗರವಾಗುತ್ತದೆ. ಗಾಬರಿಯಿಂದ ಅದರ ಮೇಲೆಯೇ ಮತ್ತೆ ಮತ್ತೆ ಪರಿವರ್ತನೆ ಮಾಡಿದರೆ ಗಂಟು ಬಿಗಿಯಾಗುತ್ತದೆ, ಸಡಿಲವಾಗುವುದಿಲ್ಲ. ಕೂಡಲೆ ಕೆಲಸ ನಿಲ್ಲಿಸಿ, ನಕಲಿಗೆ ಹಿಂದಿರುಗಿ, ತಾಲೀಮಿನ ಗಣಕದಲ್ಲಿ ದೋಷವನ್ನು ಬಿಡಿಸಬೇಕು. ಒತ್ತಕ್ಷರ, ಅರ್ಕಾವೊತ್ತು, ದೀರ್ಘ ಇವೆಲ್ಲ ಇರುವ ‘ತೀರ್ಥಹಳ್ಳಿ’ಯಂತಹ ಪದವನ್ನು ಪರೀಕ್ಷೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಜನರ ಏರ್ಪಾಟು

ಸಣ್ಣ ಸರ್ವರುಗಳಿಗೆ ಯಂತ್ರದ ದೋಷದಷ್ಟೇ ಅಪಾಯಕರವಾದುದು ಒಬ್ಬನ ಮೇಲಿನ ಪೂರ್ಣಾವಲಂಬನ. ಆ ಒಬ್ಬನು ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೊರಟುಹೋದರೆ ಗುಪ್ತಪದಗಳೂ ಅವನೊಡನೆ ಹೋಗುತ್ತವೆ. ಕಡೆಯ ಪಕ್ಷ ಇಬ್ಬರಿಗಾದರೂ ಪೂರ್ಣ ಅಧಿಕಾರವಿರಬೇಕು, ಮೂರನೆಯವರು ಕಲಿಯುತ್ತಿರಬೇಕು. ಗುಪ್ತಪದಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕೂಟದ ಹಿರಿಯರ ಬಳಿ ಇಡಬಹುದು. ತಾಣದ ಹೆಸರಿನ ವಾರ್ಷಿಕ ಶುಲ್ಕವನ್ನು ಕಟ್ಟಲು ಮರೆತರೆ ಹೆಸರು ಅನ್ಯರ ಪಾಲಾಗಬಹುದು. ಗೂಢಲಿಪಿಯ ಪ್ರಮಾಣಪತ್ರಗಳಿಗೂ ಅವಧಿಯುಂಟು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಉಚಿತವಾಗಿ ಕೊಡುತ್ತಿರುವ ಪತ್ರಗಳ ಆಯುಸ್ಸು 90 ದಿನಗಳನ್ನು ಮೀರುವುದಿಲ್ಲ. ಅವು ತಾವಾಗಿ ನವೀಕರಣಗೊಳ್ಳುವಂತೆ ಏರ್ಪಡಿಸಿದರೂ ಆಗಾಗ ಕಣ್ಣಿಡಬೇಕು. ಸದಸ್ಯರ ವಿವರಗಳಲ್ಲಿ ಅವಶ್ಯವಾದುದನ್ನು ಮಾತ್ರ ಪಡೆಯಬೇಕು. ನಮ್ಮಲ್ಲಿಲ್ಲದುದನ್ನು ಯಾರೂ ಕದಿಯಲಾರರು.

ಕೆಲಸವನ್ನು ಕಾಲಕ್ಕೆ ಹಂಚಿಕೊಂಡರೆ ಭಾರವೆನಿಸದು. ವಾರಕ್ಕೊಮ್ಮೆ ತಿದ್ದುಪಡಿಗಳನ್ನೂ ಡಿಸ್ಕಿನಲ್ಲಿ ಉಳಿದ ಸ್ಥಳವನ್ನೂ ನೋಡುವುದು. ತಿಂಗಳಿಗೊಮ್ಮೆ ಹೊಸನಗರದ ಪ್ರತಿ. ಮೂರು ತಿಂಗಳಿಗೊಮ್ಮೆ ಮರುಸ್ಥಾಪನೆಯ ಪರೀಕ್ಷೆ. ಮೊದಲ ಗುಡುಗಿಗೆ ಮುನ್ನ ಭೂಸಂಪರ್ಕದ, ಮುಂಗಾರಿಗೆ ಮುನ್ನ ಬ್ಯಾಟರಿಯ ತಪಾಸಣೆ. ದೊಡ್ಡ ನವೀಕರಣವನ್ನು ಮಳೆ ನಿಂತು ವಿದ್ಯುತ್ತು ಸ್ಥಿರವಾದ ಕಾಲಕ್ಕೆ, ಆದರೆ ಅಡಕೆ ಕೊಯ್ಲಿನ ಗಡಿಬಿಡಿಯಿಲ್ಲದ ದಿನಗಳಿಗೆ ಇಟ್ಟುಕೊಳ್ಳುವುದು ಯುಕ್ತ.

ಅಭ್ಯಾಸ

ವಿದ್ಯಾರ್ಥಿಗಳು ಇದನ್ನು ಸ್ವತಃ ಮಾಡಿ ಕಲಿಯಬಹುದು. ಶಾಲೆಯ ಮೂಲೆಯಲ್ಲಿರುವ ಹಳೆಯ ಗಣಕವೊಂದಕ್ಕೆ, ಅಧ್ಯಾಪಕರ ಅನುಮತಿ ಪಡೆದು, ಡೆಬಿಯನ್ನನ್ನೂ ಒಂದು ದತ್ತಸಂಚಯವನ್ನೂ ಹಾಕಿರಿ. ನಿಮ್ಮ ಊರಿನ ಹಿರಿಯರೊಬ್ಬರನ್ನು ಕೇಳಿ ಹತ್ತು ಗದ್ದೆಗಳ, ಹತ್ತು ಹಳ್ಳಗಳ ಹೆಸರುಗಳನ್ನು ಬರೆದು ಅದರಲ್ಲಿ ಸೇರಿಸಿರಿ. ನಕಲು ತೆಗೆದು ಬೇರೊಂದು ಗಣಕದಲ್ಲಿಡಿರಿ. ಬರೆದ ಕಾಗದವನ್ನು ಜೋಪಾನವಾಗಿಟ್ಟುಕೊಂಡು, ದತ್ತಸಂಚಯವನ್ನು ಬೇಕೆಂದೇ ಅಳಿಸಿರಿ. ಆಮೇಲೆ ನಕಲಿನಿಂದ ಅದನ್ನು ಮರಳಿ ಸ್ಥಾಪಿಸಿ, ಇಪ್ಪತ್ತು ಹೆಸರುಗಳೂ ಒತ್ತುದೀರ್ಘಗಳೊಡನೆ ಸರಿಯಾಗಿ ಬಂದುವೇ ಎಂದು ಕಾಗದದೊಡನೆ ಹೋಲಿಸಿ ನೋಡಿರಿ. ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಬರೆದಿಡಿರಿ. ಎರಡನೆಯ ಸಲ ಅದೇ ಕೆಲಸವನ್ನು ನಿಮ್ಮ ಸಹಪಾಠಿಯೊಬ್ಬರು, ನಿಮ್ಮ ದಿನಚರಿಯೊಂದನ್ನೇ ನೋಡಿಕೊಂಡು, ನಿಮ್ಮನ್ನು ಏನೂ ಕೇಳದೆ ಮಾಡಲಿ. ಅವರಿಂದ ಆದರೆ ನಿಮ್ಮ ಏರ್ಪಾಟು ಸರಿಯಾಗಿದೆಯೆಂದು ತಿಳಿಯಬಹುದು.